ಕನ್ನಂಬಾಡಿ ಮಟ್ಟದ ಪಕ್ಕದಲ್ಲಿ ಕಲ್ಲಿದ್ದಲಿನ ಮಟ್ಟವನ್ನೂ ಬರೆಸಿ: ಮಂಡ್ಯದ ರೈತನೊಬ್ಬನ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ಮತ್ತು ಮಂಡ್ಯ, ಮೈಸೂರು ಜಿಲ್ಲೆಗಳ ಎಲ್ಲ ಶಾಸಕರಿಗೆ,

ನಮಸ್ಕಾರ.

ನಾನು ಪಾಂಡವಪುರ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ. ನಮ್ಮದು ನಾಲೆಯ ಕೊನೆ ಭಾಗದ ಊರು. ನಾಲೆಯಲ್ಲಿ ನೀರು ಬಂದರೆ ಭತ್ತ, ಬರದಿದ್ದರೆ ಬೋರ್‌ವೆಲ್ ನಂಬಿಕೊಂಡು ಕಬ್ಬು. ಅಪ್ಪನ ಕಾಲದ ಒಂದು ಸಣ್ಣ ಆಲೆಮನೆಯೂ ಇತ್ತು, ಅದು ನಿಂತು ಕೆಲವು ವರ್ಷ ಆಯಿತು. ಈ ಪತ್ರ ಬರೆಯುತ್ತಿರುವುದು ಕರೆಂಟ್ ಬಗ್ಗೆ. ಆದರೆ ನಮ್ಮೂರಿನ ಟಿಸಿ (ಟ್ರಾನ್ಸ್‌ಫಾರ್ಮರ್), ಕಂಬ, ವೈರು ಇವುಗಳ ಬಗ್ಗೆ ಅಲ್ಲ. ಅದಕ್ಕೆ ಅರ್ಜಿ ಕೊಡುವ ಜಾಗ ನಮಗೆ ಗೊತ್ತಿದೆ. ನಾನು ಬರೆಯುತ್ತಿರುವುದು ನಮ್ಮ ಜಿಲ್ಲೆಯಿಂದ ನೂರಾರು ಕಿಲೋಮೀಟರ್ ಆಚೆ ಉರಿಯುವ ಕಲ್ಲಿದ್ದಲಿನ ಬಗ್ಗೆ.

ಮಂಡ್ಯದ ರೈತನಿಗೂ ಕಲ್ಲಿದ್ದಲಿಗೂ ಏನು ಸಂಬಂಧ ಅನ್ನಿಸಬಹುದು. 2023ರವರೆಗೆ ನನಗೂ ಹಾಗೇ ಅನ್ನಿಸಿತ್ತು.

ಆ ವರ್ಷ ನಿಮಗೆಲ್ಲ ನೆನಪಿರುತ್ತದೆ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಾವೇರಿಗಾಗಿ ಮಂಡ್ಯ ಬಂದ್ ಆಯಿತು, ಕರ್ನಾಟಕ ಬಂದ್ ಆಯಿತು, ನಾವೆಲ್ಲ ರಸ್ತೆಯಲ್ಲಿ ಕೂತೆವು. ನಾಲೆಗೆ ನೀರಿಲ್ಲ ಅಂದ ಮೇಲೆ ನಿಂತ ಬೆಳೆ ಉಳಿಸಿಕೊಳ್ಳಲು ಬೋರ್‌ವೆಲ್ ಒಂದೇ ದಾರಿ, ಹಾಗಾಗಿ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕಿದರು, ರಾಜ್ಯದ ತುಂಬ ಹೀಗೇ ಆಯಿತು. ಅಕ್ಟೋಬರ್ ಹೊತ್ತಿಗೆ ಪಂಪ್‌ಸೆಟ್‌ಗೆ ಕೊಡುವ ಏಳು ಗಂಟೆಯ ತ್ರೀಫೇಸ್ ಐದು ಗಂಟೆಗೆ ಇಳಿಯಿತು. ಅದು ಹೇಳಿಕೆಯಲ್ಲಿ ಐದು. ನಮ್ಮ ಫೀಡರಿಗೆ, ಅಂದರೆ ನಮ್ಮ ಕಡೆಗೆ ಬರುವ ಲೈನಿಗೆ, ನಿಜವಾಗಿ ಎಷ್ಟು ಬಂತು ಅಂತ ನಾನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಒಂದು ರಾತ್ರಿ ಒಂದು ಗಂಟೆಗೆ ಬಂದು ಮೂರೂಕಾಲಿಗೆ ಹೋಗಿದೆ. ಇನ್ನೊಂದು ರಾತ್ರಿ ಬಂದಿದ್ದು ಹೋಗಿದ್ದು ಸೇರಿ ಹನ್ನೊಂದು ಸಲ. ಹೀಗೆ ಬಂದು ಹೋಗಿ ಮಾಡಿದ ಮೂರನೇ ರಾತ್ರಿ ನನ್ನ ಮೋಟಾರ್ ಸುಟ್ಟಿತು. ರೀವೈಂಡಿಂಗ್ ಮಾಡಿಸಲು ಮಂಡ್ಯಕ್ಕೆ ಹೊತ್ತುಕೊಂಡು ಹೋದರೆ ಅಂಗಡಿ ಮುಂದೆ ಮೋಟಾರುಗಳ ಸಾಲೇ ಇತ್ತು. ಒಂಬತ್ತು ದಿನ ಕಾದೆ. ಅಷ್ಟರಲ್ಲಿ ಎರಡು ಎಕರೆ ಕೂಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು) ಸುಳಿ ಒಣಗಿತು.

ಆ ದಿನಗಳಲ್ಲೇ ಒಂದು ಸಂಜೆ ಊರಿನ ಮೂವತ್ತು ನಲವತ್ತು ಜನ ಸೇರಿ ಲೈನ್‌ಮ್ಯಾನ್ ಹುಡುಗನನ್ನು ಹಿಡಿದು ನಿಲ್ಲಿಸಿದೆವು. ನಾನೂ ಇದ್ದೆ. ಆಡಬಾರದ ಮಾತು ಆಡಿದೆವು. ಅವನು ಉತ್ತರ ಕರ್ನಾಟಕದವನು. ನಮ್ಮ ಕಡೆ ಕಂಬ ಹತ್ತುವ ಹುಡುಗರಲ್ಲಿ ಆ ಕಡೆಯವರು ಜಾಸ್ತಿ. ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ ಇಷ್ಟೇ ಹೇಳಿದ: "ಅಣ್ಣಾರ, ಕಲ್ಲಿದ್ದಲು ಸುಡೂದು ನಮ್ಮ ಕಡೆ. ಬೂದಿ ಬೀಳೂದು ನಮ್ಮವ್ವ ಒಣಗಾಕಿದ ಬಟ್ಟಿ ಮ್ಯಾಲ. ಬೈಸ್ಕೊಳ್ಳೂದು ನಾ ಇಲ್ಲಿ. ಅಲ್ಲಿ ಗಾಡಿ ಬರ್ಲಿಲ್ಲಂದ್ರ ನಾ ಏನ್ ಮಾಡ್ಲಿ ಹೇಳ್ರಿ."

ಯಾರೂ ಮಾತಾಡಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋದೆವು. ಅವನು ಗಾಡಿ ಅಂದಿದ್ದು ಕಲ್ಲಿದ್ದಲಿನ ರೈಲಿಗೆ ಅಂತ ನನಗೆ ಅರ್ಥವಾಗಿದ್ದೇ ಮಾರನೇ ದಿನ. ಆಮೇಲೆ ಸುಮ್ನೆ ಕೂರಲು ಆಗಲಿಲ್ಲ. ಓದಿದೆ, ಕೇಳಿದೆ, ಒಮ್ಮೆ ಹೋಗಿ ನೋಡಿಯೂ ಬಂದೆ. ತಿಳಿದುಕೊಂಡಿದ್ದನ್ನು ನಮ್ಮ ಊರಿನವರಿಗೆ ಹೇಳುವ ಹಾಗೇ ನಿಮ್ಮ ಮುಂದೆ ಇಡುತ್ತೇನೆ. ನಿಮಗೆ ಗೊತ್ತಿರುವ ವಿಷಯವೇ ಇರಬಹುದು, ಆದರೆ ನಮಗೆ ಗೊತ್ತಾಗಿದೆ ಅನ್ನುವುದು ನಿಮಗೆ ಗೊತ್ತಿರಲಿ.

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ಆದರೂ ಸರ್ಕಾರದ ಕರ್ನಾಟಕ ವಿದ್ಯುತ್ ನಿಗಮದ ಕಲ್ಲಿದ್ದಲು ಸ್ಥಾವರಗಳು ಮೂರಿವೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಅದರ ಮೊದಲ ಘಟಕ 1985ರದ್ದು. ಬಳ್ಳಾರಿಯ ಕುಡತಿನಿಯಲ್ಲಿ 1,700. ರಾಯಚೂರಿನ ಹತ್ತಿರವೇ ಯರಮರಸ್‌ನಲ್ಲಿ 1,600. ಒಟ್ಟು 5,020 ಮೆಗಾವಾಟ್. ಇವಕ್ಕೆಲ್ಲ ಬೇಕಾದ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದ ತಾಲ್ಚೇರ್ ಕಡೆಯಿಂದ ರೈಲಿನಲ್ಲಿ ಬರಬೇಕು. ತಾಲ್ಚೇರ್‌ನಿಂದ ಹೊರಟ ಗಾಡಿ ಸಾವಿರ ಕಿಲೋಮೀಟರ್ ದಾಟಿ ಬರುತ್ತದೆ. ಒಂದು ಗಾಡಿಗೆ ರೇಕ್ ಅನ್ನುತ್ತಾರೆ. ಅದರಲ್ಲಿ 58-59 ವ್ಯಾಗನ್, ಸುಮಾರು 4,000 ಟನ್. ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಏಳು ಘಟಕಗಳಿವೆ, 250ರದ್ದು ಒಂದು. 210ರ ಒಂದು ಘಟಕ ಇಡೀ ದಿನ ಪೂರ್ತಿ ಓಡಿದರೆ ಹತ್ತಿರ ಹತ್ತಿರ ಒಂದು ರೇಕ್ ತಿಂದು ಮುಗಿಸುತ್ತದೆ. ಮೂರೂ ಸ್ಥಾವರ ಪೂರ್ತಿ ಓಡಬೇಕಾದರೆ ದಿನಕ್ಕೆ ಇಪ್ಪತ್ತರ ಹತ್ತಿರ ರೇಕ್ ಬೇಕು. ಪ್ರತಿ ದಿನ!

ಇದನ್ನೇ ನನ್ನ ಹೊಲಕ್ಕೆ ಇಳಿಸಿ ಲೆಕ್ಕ ಹಾಕಿದೆ. ನನ್ನದು ಏಳೂವರೆ ಎಚ್‌ಪಿ ಮೋಟಾರ್. ಏಳು ಗಂಟೆ ಓಡಿದರೆ ಸುಮಾರು 40 ಯೂನಿಟ್. ಒಂದು ಯೂನಿಟ್ ತೆಗೆಯಲು ಮುಕ್ಕಾಲು ಕೆಜಿಯ ಹತ್ತಿರ ಕಲ್ಲಿದ್ದಲು ಬೇಕು. ಅಂದರೆ ಕಲ್ಲಿದ್ದಲಿನ ಕರೆಂಟೇ ಬಂದಿದೆ ಅಂದುಕೊಂಡರೆ ನನ್ನ ಒಂದು ಬೋರ್‌ವೆಲ್ ದಿನಕ್ಕೆ 30 ಕೆಜಿ ಸುಡುತ್ತದೆ. ಎಲ್ಲೋ ಒಡಿಶಾದ ನೆಲದಡಿಯಿಂದ ಬಂದ 30 ಕೆಜಿ ನನ್ನ ಕಬ್ಬಿಗೆ ನೀರು ಹಾಯಿಸುತ್ತಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ಹಾಗಾಗಿ ಈ ಲೆಕ್ಕ ನಾವು ಯಾವತ್ತೂ ಹಾಕಿರಲಿಲ್ಲ. ಹಾಕಬೇಕಿತ್ತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಯಾವ ಮಗುವನ್ನು ಬೇಕಾದರೂ ಕೇಳಿ, ಕನ್ನಂಬಾಡಿಯ ಪೂರ್ತಿ ಮಟ್ಟ 124.80 ಅಡಿ ಅಂತ ಹೇಳುತ್ತದೆ. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು, ಇದು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತದೆ. ನಮ್ಮೂರಿನ ಹಾಲಿನ ಡೈರಿ ಬೋರ್ಡಿನಲ್ಲಿ ಯಾರಾದರೊಬ್ಬರು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ನೂರು ಅಡಿ ದಾಟಿತು ಅಂದರೆ ನಾಟಿ ಯೋಚನೆ, ತೊಂಬತ್ತಕ್ಕೆ ಇಳಿಯಿತು ಅಂದರೆ ಬೇರೆ ಯೋಚನೆ. ಆ ಒಂದು ಅಂಕಿ ನೋಡಿಕೊಂಡು ನಾವು ಬದುಕು ಹೊಂದಿಸಿಕೊಳ್ಳುತ್ತೇವೆ. ನೀರು ಕಡಿಮೆ ಇದ್ದರೆ ಸಿಟ್ಟು ಬರುತ್ತದೆ, ದುಃಖ ಆಗುತ್ತದೆ, ಆದರೆ ಮೋಸ ಹೋದೆವು ಅನ್ನಿಸುವುದಿಲ್ಲ. ಯಾಕೆಂದರೆ ಮಟ್ಟ ನಮ್ಮ ಕಣ್ಣೆದುರಿಗೇ ಇಳಿದಿರುತ್ತದೆ.

ಕಲ್ಲಿದ್ದಲಿನ ಮಟ್ಟ ನಮಗೆ ಯಾರು ಹೇಳುತ್ತಾರೆ? ಅದೂ ಒಂದು ಕಟ್ಟೆಯೇ ಅಲ್ವಾ? ಸ್ಥಾವರದ ಅಂಗಳದಲ್ಲಿ ರಾಶಿ ಬಿದ್ದಿರುವುದು ನಮ್ಮ ಮುಂದಿನ ಹದಿನೈದು ಇಪ್ಪತ್ತು ದಿನದ ಕರೆಂಟು. ಅಲ್ಲಿಗೂ ಒಳಹರಿವು ಇದೆ, ಹೊರಹರಿವು ಇದೆ. ಅದು ತಳ ಕಂಡಾಗ ಮಾತ್ರ ನಮಗೆ ತಿಳಿಯುತ್ತದೆ, ಅದೂ ರಾತ್ರಿ ಒಂದು ಗಂಟೆಗೆ ಮೋಟಾರ್ ನಿಂತಾಗ.

ಕಟ್ಟೆಯ ಮಾತು ಬಂದಿದ್ದರಿಂದ ಒಂದು ಹಳೇ ವಿಷಯ ನೆನಪಿಸುತ್ತೇನೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಯಂತ್ರವೂ ಸೊರಗುತ್ತಿತ್ತು. ಗಣಿಗೆ ಒಪ್ಪಿಕೊಂಡಷ್ಟು ಕರೆಂಟ್ ಕೊಡಲು ವರ್ಷವಿಡೀ ನೀರು ಬೇಕಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟಲು ಶುರು ಮಾಡಿದಾಗ ನೀರಾವರಿಯ ಜೊತೆಗೆ ಇದೂ ಒಂದು ದೊಡ್ಡ ಕಾರಣವಾಗಿತ್ತು. ಅಂದರೆ ನಾವು ಪೂಜೆ ಮಾಡುವ ಕಟ್ಟೆ ಮೊದಲಿಗೆ ಒಂದು ವಿದ್ಯುತ್ ಕೇಂದ್ರದ ಇಂಧನದ ದಾಸ್ತಾನೂ ಆಗಿತ್ತು. ಯಂತ್ರ ಇಟ್ಟರೆ ಸಾಲದು, ಅದು ತಿನ್ನುವುದನ್ನೂ ಕೂಡಿಡಬೇಕು ಅನ್ನುವುದು ಆ ಕಾಲದವರಿಗೆ ತಿಳಿದಿತ್ತು. ವಿಶ್ವೇಶ್ವರಯ್ಯನವರ ಫೋಟೋ ಪ್ರತಿ ಕಚೇರಿಯಲ್ಲೂ ಇದೆ. ಅವರು ಕೂಡಿಟ್ಟಿದ್ದು ನೀರು, ನಾವು ಕೂಡಿಡಬೇಕಾಗಿರುವುದು ಕಲ್ಲಿದ್ದಲು. ಅಷ್ಟೇ ವ್ಯತ್ಯಾಸ.

ಕೂಡಿಡಲು ನಿಯಮ ಇಲ್ಲ ಅಂತಲ್ಲ. 2021ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೇಶದ ತುಂಬ ಕಲ್ಲಿದ್ದಲು ಬರಿದಾಗಿ, ಸ್ಥಾವರಗಳಲ್ಲಿ ಸರಾಸರಿ ನಾಲ್ಕು ದಿನದ ದಾಸ್ತಾನು ಉಳಿದಿತ್ತು. ಅದಾದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಲೆಕ್ಕ ಹೇಳಿತು. ಗಣಿಯಿಂದ ದೂರ ಇರುವ ಸ್ಥಾವರಗಳು ತಿಂಗಳಿಗೆ ತಕ್ಕಂತೆ 20ರಿಂದ 26 ದಿನದಷ್ಟು ಇಟ್ಟುಕೊಳ್ಳಬೇಕು. ಫೆಬ್ರವರಿಯಿಂದ ಜೂನ್‌ವರೆಗೆ 26. ನಮ್ಮ ರಾಜ್ಯದಲ್ಲಿ ಗಣಿಯೇ ಇಲ್ಲದ್ದರಿಂದ ನಮ್ಮವೆಲ್ಲ ದೂರದ ಸ್ಥಾವರಗಳೇ. ಆರು ತಿಂಗಳು ಕಳೆಯುವುದರೊಳಗೆ, 2022ರ ಏಪ್ರಿಲ್‌ನಲ್ಲಿ, ಮತ್ತೆ ಕೊರತೆ ಬಂತು. ಕಲ್ಲಿದ್ದಲು ಗಾಡಿಗೆ ದಾರಿ ಬಿಡಲು ದೇಶದಲ್ಲಿ ನೂರಾರು ಪ್ಯಾಸೆಂಜರ್ ರೈಲುಗಳ ಓಡಾಟ ನಿಲ್ಲಿಸಿದರು. ಆಮೇಲೆ 2023ರ ನಮ್ಮ ಬರ. ಮೂರು ವರ್ಷದಲ್ಲಿ ಮೂರು ಸಲ.

ಯಾಕೆ ಹೀಗಾಗುತ್ತದೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಮಳೆಗಾಲ ಚೆನ್ನಾಗಿದ್ದರೆ ಶರಾವತಿ, ಕಾಳಿ, ವಾರಾಹಿಯ ಕರೆಂಟು ಸಿಗುತ್ತದೆ. ಗಾಳಿ ಯಂತ್ರಗಳೂ ಜೋರಾಗಿ ತಿರುಗುತ್ತವೆ. ಪಂಪ್‌ಸೆಟ್ ಓಡುವುದಿಲ್ಲ. ಆಗ ಕಲ್ಲಿದ್ದಲು ಘಟಕಗಳನ್ನು ನಿಲ್ಲಿಸುತ್ತಾರೆ, ರಿಪೇರಿಗೆ ಹಾಕುತ್ತಾರೆ. ಇದು ಸರಿಯೇ. ಆದರೆ ಆ ನಂಬಿಕೆ ಮೇಲೆ ಕೂತು ದಾಸ್ತಾನು ಇಳಿಯಲು ಬಿಟ್ಟರೆ, ಮಳೆ ಬರದ ವರ್ಷ ಎರಡೂ ಕಡೆ ಏಟು ಬೀಳುತ್ತದೆ. ನೀರಿನ ಕರೆಂಟೂ ಇಲ್ಲ, ಕಲ್ಲಿದ್ದಲೂ ಇಲ್ಲ, ಅದೇ ಹೊತ್ತಿಗೆ ಲಕ್ಷಾಂತರ ಪಂಪ್‌ಸೆಟ್ ಓಡಲು ಶುರುವಾಗುತ್ತವೆ. ನಮ್ಮ ಅವ್ವ ಮಳೆ ಹಿಡಿಯುವ ಮೊದಲು ಸೌದೆ ಒಟ್ಟುತ್ತಿದ್ದಳು. ಮಳೆ ಬರುತ್ತದೋ ಇಲ್ಲವೋ ಅಂತ ನೋಡಿಕೊಂಡು ಒಟ್ಟುತ್ತಿರಲಿಲ್ಲ.

ಈಗ ನಾನು ನೋಡಿ ಬಂದಿದ್ದು. ನನ್ನ ಅಕ್ಕನ ಮಗ ರಾಜ್ಯದ ಒಂದು ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ. ಯಾವ ಸ್ಥಾವರ ಅಂತ ಹೇಳುವುದಿಲ್ಲ, ಅವನ ಅನ್ನಕ್ಕೆ ಕಲ್ಲು ಬೀಳಬಾರದು. ಒಂದು ಮಳೆಗಾಲದಲ್ಲಿ ಅವನನ್ನು ನೋಡಲು ಹೋಗಿದ್ದೆ. ಗೇಟಿನೊಳಗೆ ನಮ್ಮಂಥವರನ್ನು ಬಿಡುವುದಿಲ್ಲ. ರೈಲ್ವೆ ಸೈಡಿಂಗ್ ಪಕ್ಕದ ರಸ್ತೆಯಲ್ಲಿ ನಿಂತು ಕಂಡಷ್ಟು ಕಂಡೆ. ಬಂದು ನಿಂತ ವ್ಯಾಗನ್‌ಗಳ ತಳದಿಂದ ಕಪ್ಪು ನೀರು ಸೋರುತ್ತಿತ್ತು. ಮೇಲೆ ಹೊದಿಕೆ ಇಲ್ಲ. ಗಣಿಯಿಂದ ಇಲ್ಲಿಯವರೆಗೆ ಮಳೆಯಲ್ಲೇ ನೆನೆದು ಬಂದಿತ್ತು. ಆ ನೀರಿನ ತೂಕಕ್ಕೂ ರೈಲು ಬಾಡಿಗೆ ಕೊಟ್ಟಿರುತ್ತೇವೆ ಅಂತ ಹುಡುಗ ಹೇಳಿದ.

ಉಳಿದಿದ್ದೂ ಅವನು ಹೇಳಿದ್ದೇ. ವ್ಯಾಗನ್ ಟಿಪ್ಲರ್ ಅನ್ನುವ ಯಂತ್ರ ಇಡೀ ವ್ಯಾಗನ್ನನ್ನು ಮಗುಚಿ ಕಲ್ಲಿದ್ದಲು ಸುರಿಸುತ್ತದೆ. ಅಲ್ಲಿಂದ ಬೆಲ್ಟಿನ ಮೇಲೆ ಹೋಗಿ, ಪುಡಿಯಾಗಿ, ಬಂಕರ್ ಅನ್ನುವ ದೊಡ್ಡ ತೊಟ್ಟಿಗೆ ಬಿದ್ದು, ಮತ್ತೆ ಮಿಲ್ಲಿನಲ್ಲಿ ರಾಗಿ ಹಿಟ್ಟಿನಷ್ಟು ನುಣ್ಣಗಾಗಿ ಬಾಯ್ಲರ್‌ಗೆ ಊದಲ್ಪಡಬೇಕು. ಒದ್ದೆ ಕಲ್ಲಿದ್ದಲು ಕೆಸರಿನ ಹಾಗೆ ಅಂಟಿಕೊಳ್ಳುತ್ತದೆ. ಬೆಲ್ಟಿಗೆ ಅಂಟುತ್ತದೆ, ಬಂಕರ್ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಇವರು ಕಬ್ಬಿಣದ ಸಲಾಕೆ ಹಿಡಿದು ತಿವಿದು ಬೀಳಿಸಬೇಕು. ನಡುವೆ ಬರುವ ಬಂಡೆಗಲ್ಲುಗಳನ್ನು ಕೈಯಲ್ಲಿ ಆರಿಸಬೇಕು. ಬಾಯ್ಲರ್‌ನಲ್ಲಿ ಉರಿ ಕುಗ್ಗಿದರೆ ಅದನ್ನು ಹಿಡಿದು ನಿಲ್ಲಿಸಲು ದುಬಾರಿ ಎಣ್ಣೆ ಸುರಿಯಬೇಕು. ಹುಡುಗನ ಅಂಗೈ ಗಟ್ಟಿಯಾಗಿ ಕರಟದ ಹಾಗಾಗಿದೆ. ರಾತ್ರಿಯೆಲ್ಲ ಕೆಮ್ಮುತ್ತಿದ್ದ. ಕಾಲಿಗೆ ಹಾಕಿಕೊಂಡ ಸುರಕ್ಷತೆಯ ಬೂಟು ತನ್ನ ದುಡ್ಡಿನಲ್ಲೇ ಕೊಂಡಿದ್ದಂತೆ.

ಇದನ್ನು ಕೇಳುವಾಗ ನನಗೆ ನಮ್ಮ ಆಲೆಮನೆಯೇ ಕಣ್ಣಿಗೆ ಬಂತು. ಅಲ್ಲಿಯೂ ಎಲ್ಲ ನಿಂತಿರುವುದು ಒಲೆಯ ಮೇಲೆ. ರಚ್ಚು (ಹಾಲು ತೆಗೆದ ಕಬ್ಬಿನ ಸಿಪ್ಪೆ) ಒಣಗಿದ್ದರೆ ಉರಿ ಏಳುತ್ತದೆ, ಕೊಪ್ಪರಿಗೆ ಕುದಿಯುತ್ತದೆ. ಹಸಿ ರಚ್ಚು ಹಾಕಿದರೆ ಬರೀ ಹೊಗೆ. ಕಬ್ಬಿನ ಹಾಲು ಕುದಿಯದೆ ನಿಂತರೆ ಪಾಕ ಕೆಡುತ್ತದೆ, ಬೆಲ್ಲ ಕಪ್ಪಾಗುತ್ತದೆ. ಅದಕ್ಕೇ ಅಪ್ಪ ಮಳೆಗೆ ಮೊದಲು ರಚ್ಚಿನ ಮೆದೆ ಹಾಕಿ ಮೇಲೆ ಸೋಗೆ ಹೊದಿಸುತ್ತಿದ್ದರು. ಉರಿ ಹಾಕುವವನಿಗೆ ಎಲ್ಲರಿಗಿಂತ ಮೊದಲು ಊಟ ಬಡಿಸುತ್ತಿದ್ದರು. ಗಾಣ ಎಷ್ಟು ದೊಡ್ಡದಾದರೂ ಒಲೆ ಸರಿ ಇಲ್ಲದಿದ್ದರೆ ಬೆಲ್ಲ ಇಲ್ಲ ಅನ್ನುತ್ತಿದ್ದರು. ಸಾವಿರಾರು ಕೋಟಿಯ ಸ್ಥಾವರಕ್ಕೂ ಇದೇ ಮಾತು ಅನ್ವಯಿಸುತ್ತದೆ ಅಂತ ನನಗೆ ಅಲ್ಲಿ ನಿಂತಾಗ ಅನ್ನಿಸಿತು.

ಹಾಗಂತ ಬೆಟ್ಟದಷ್ಟು ರಾಶಿ ಹಾಕಿ ವರ್ಷಗಟ್ಟಲೆ ಇಡಿ ಅಂತ ನಾನು ಕೇಳುತ್ತಿಲ್ಲ. ಹೆಚ್ಚು ದಿನ ಇಟ್ಟರೆ ರಾಶಿಯೊಳಗೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ, ಅದನ್ನು ಡೋಜರ್ ಹಾಕಿ ಒತ್ತಬೇಕು, ಹಳೆಯದನ್ನು ಮೊದಲು ಸುಡಬೇಕು, ಇದೆಲ್ಲ ಇದೆ. ನಿಯಮದಲ್ಲಿ ಹೇಳಿದಷ್ಟು ಇಡಿ ಅನ್ನುತ್ತಿದ್ದೇನೆ.

ಗುಣಮಟ್ಟದ ಬಗ್ಗೆಯೂ ಕಬ್ಬು ಬೆಳೆಗಾರನಾಗಿ ಒಂದು ಮಾತು ಹೇಳಬೇಕು. ಕಬ್ಬಿಗೆ ದರ ಸಿಗುವುದು ಸಕ್ಕರೆ ಇಳುವರಿ ಮೇಲೆ. 10.25 ಪರ್ಸೆಂಟ್ ಇಳುವರಿ ಇಟ್ಟುಕೊಂಡು ದರ ಕಟ್ಟುತ್ತಾರೆ, ಜಾಸ್ತಿ ಇದ್ದರೆ ಜಾಸ್ತಿ. ಹಾಗಾಗಿ ತೂಕ ಎಲ್ಲಿ ಹಾಕಿದರು, ಇಳುವರಿ ಯಾರು ನೋಡಿದರು ಅನ್ನುವುದು ನಮಗೆ ಜೀವನದ ಪ್ರಶ್ನೆ. ಕಲ್ಲಿದ್ದಲಿಗೂ ಹಾಗೇ. ಅದರಲ್ಲಿ ಎಷ್ಟು ಶಾಖ ಇದೆ ಅನ್ನುವುದರ ಮೇಲೆ ಜಿ-1ರಿಂದ ಜಿ-17ರವರೆಗೆ ದರ್ಜೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30-40 ಪಾಲು ಬೂದಿಯೇ ಇರುವುದು ಸಾಮಾನ್ಯ. ಗಣಿಯಲ್ಲಿ ಒಂದು ದರ್ಜೆ ಅಂತ ಬಿಲ್ ಆಗಿ, ಸ್ಥಾವರಕ್ಕೆ ಬಂದಾಗ ಇನ್ನೊಂದು ದರ್ಜೆ ಕಂಡರೆ, ಅದರ ನಷ್ಟ ಬರುವುದು ಕೊನೆಗೆ ಬಿಲ್ ಕಟ್ಟುವ ಮನೆಗಳ ಮೇಲೆ. ಮೈಸೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಷಡ್ಡಕ ತಿಂಗಳ ಬಿಲ್ ತೋರಿಸಿ, ಇಂಧನ ಹೊಂದಾಣಿಕೆ ಅಂತ ಇದೆಯಲ್ಲ ಇದೇನು ಅಂತ ಕೇಳಿದ. ಇಂಧನ ಮತ್ತು ವಿದ್ಯುತ್ ಖರೀದಿಯ ಖರ್ಚು ಏರಿದರೆ ಅದರ ಪಾಲು ಅಲ್ಲಿ ಬಂದು ಕೂರುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ದುಡ್ಡು ಕೊಡುವವನಿಗೆ ಯಾವ ರೇಕ್‌ನಲ್ಲಿ ಯಾವ ದರ್ಜೆ ಬಂತು, ಎಷ್ಟು ತೂಕ ಬಂತು ಅಂತ ತಿಳಿಯುವ ಹಕ್ಕು ಇಲ್ಲವಾ?

ಇನ್ನು ದುಡ್ಡಿನ ಸರಪಳಿ. ಮನೆಮನೆಗೆ ಕರೆಂಟ್ ಹಂಚುವ ಎಸ್ಕಾಂ ಕಂಪನಿಗಳು ವಿದ್ಯುತ್ ನಿಗಮಕ್ಕೆ ಬಾಕಿ, ನಿಗಮ ಕಲ್ಲಿದ್ದಲು ಕಂಪನಿಗಳಿಗೆ ಬಾಕಿ. ಎಸ್ಕಾಂಗಳಿಗೆ ಸರ್ಕಾರಿ ಕಚೇರಿಗಳು, ಸ್ಥಳೀಯ ಸಂಸ್ಥೆಗಳು ಬಾಕಿ. ನಮ್ಮ ಪಂಚಾಯಿತಿಯ ಬೀದಿ ದೀಪ, ಕುಡಿಯುವ ನೀರಿನ ಮೋಟಾರ್ ಕೂಡ ಆ ಪಟ್ಟಿಯಲ್ಲಿವೆ. ಎಲ್ಲ ಸೇರಿ ಸಾವಿರಾರು ಕೋಟಿ. ದುಡ್ಡು ಕಟ್ಟದ ಗಿರಾಕಿಗೆ ಯಾವ ಅಂಗಡಿಯವನೂ ಮೊದಲು ಸಾಮಾನು ಕಟ್ಟಿಕೊಡುವುದಿಲ್ಲ. ಪಂಪ್‌ಸೆಟ್ ಉಚಿತ, ಗೃಹಜ್ಯೋತಿ ಉಚಿತ ಅಂತ ನಾವು ಪಡೆಯುತ್ತೇವೆ, ಬೇಡ ಅನ್ನುವುದಿಲ್ಲ. ಆದರೆ ಅದರ ಸಹಾಯಧನ ಸರ್ಕಾರದಿಂದ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಉಚಿತ ಅನ್ನುವುದು ಕೊನೆಗೆ ಕಲ್ಲಿದ್ದಲಿಲ್ಲದ ಬಂಕರ್ ಆಗುತ್ತದೆ. ನಮ್ಮ ರಾಜ್ಯಕ್ಕೇ ಅಂತ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಂಜ್‌ನಲ್ಲಿ ಗಣಿ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಇನ್ನೂರಕ್ಕೂ ಹೆಚ್ಚು ಗಣಿ ಹಂಚಿಕೆ ರದ್ದು ಮಾಡಿದಾಗ ಅದೂ ಹೋಗಿ, ಮತ್ತೆ ಕೈಗೆ ಬಂದು ಕೆಲಸ ಶುರುವಾಗಲು ವರ್ಷಗಳೇ ಹಿಡಿದವು. ಆ ಗಣಿಯಿಂದ ಈಗ ತಿಂಗಳಿಗೆ ಎಷ್ಟು ಬರುತ್ತಿದೆ ಅನ್ನುವುದನ್ನು ಸದನದಲ್ಲಿ ಕೇಳಿ ನಮಗೆ ತಿಳಿಸುವ ಕೆಲಸ ನಮ್ಮ ಶಾಸಕರದ್ದು.

ಸೋಲಾರ್ ಬಂದಿದೆಯಲ್ಲ, ಇನ್ನೇನು ಕಲ್ಲಿದ್ದಲು ಅಂತ ಕೆಲವರು ಹೇಳುತ್ತಾರೆ. ಪಾವಗಡದಲ್ಲಿ 2,050 ಮೆಗಾವಾಟ್ ಇದೆ, ಸಂತೋಷ. ನಮಗೆ ಹಗಲಿನಲ್ಲಿ ತ್ರೀಫೇಸ್ ಸಿಕ್ಕರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ, ರಾತ್ರಿ ಹಾವು ಹುಳು ಇರುವ ಬದುವಿನಲ್ಲಿ ಟಾರ್ಚ್ ಹಿಡಿದು ಓಡಾಡುವುದು ತಪ್ಪುತ್ತದೆ. ಆದರೆ ಸಂಜೆ ಆರರ ಮೇಲೆ ಇಡೀ ರಾಜ್ಯ ದೀಪ ಹಾಕುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಆ ಹೊತ್ತಿಗೆ ಇನ್ನೂ ಬಹಳ ವರ್ಷ ಆ ಮೂರು ಸ್ಥಾವರಗಳೂ ಉರಿಯಬೇಕು.

ಮೈಸೂರು ಜಿಲ್ಲೆಯ ಶಾಸಕರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 2007ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಚಾಮಲಾಪುರದಲ್ಲಿ 1,000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಬರುತ್ತದೆ ಅಂದಾಗ ನಮ್ಮ ಜನ ಎದ್ದು ನಿಂತರು. ಹೊಲ ಹೋಗುತ್ತದೆ, ಬೂದಿ ಬರುತ್ತದೆ, ಪಕ್ಕದಲ್ಲೇ ನಾಗರಹೊಳೆ ಕಾಡಿದೆ ಅಂದರು. ಯೋಜನೆ ನಿಂತಿತು. ಅವತ್ತು ಅವರು ಮಾಡಿದ್ದು ಸರಿ, ಇವತ್ತು ಕೇಳಿದರೂ ಸರಿ ಅನ್ನುತ್ತೇನೆ. ಆದರೆ ನಾವು ಬೇಡ ಅಂದ ಬೂದಿ ಇಲ್ಲದೆ ಹೋಗಲಿಲ್ಲ. ಅದು ಬೇರೆಯವರ ಮನೆ ಮೇಲೆ ಬೀಳುತ್ತಿದೆ, ಅಲ್ಲಿ ಸುಟ್ಟ ಕರೆಂಟ್ ನಮ್ಮ ಮನೆಗೂ ಬರುತ್ತಿದೆ. ಹಾಗಿರುವಾಗ ಆ ಊರುಗಳ ಪರವಾಗಿ ಮಾತಾಡುವ ಹೊಣೆ ಆ ಭಾಗದ ಶಾಸಕರದ್ದು ಮಾತ್ರ ಅಂತ ನಾವು ಅಂದುಕೊಳ್ಳಬಾರದು. ಹಾರುಬೂದಿಯನ್ನು ಪೂರ್ತಿ ಬಳಸಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಅಧಿಸೂಚನೆ ಮಾಡಿದೆ. ಅದು ಎಷ್ಟರ ಮಟ್ಟಿಗೆ ನಡೆದಿದೆ ಅಂತ ಮೈಸೂರಿನ ಶಾಸಕರೊಬ್ಬರು ಎದ್ದು ನಿಂತು ಕೇಳಲಿ. ಗುತ್ತಿಗೆ ಹುಡುಗರಿಗೆ ಬೂಟು, ಮಾಸ್ಕು, ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಸಿಗುತ್ತಿದೆಯಾ ಅಂತ ಮಂಡ್ಯದವರೊಬ್ಬರು ಕೇಳಲಿ. ಆ ಲೈನ್‌ಮ್ಯಾನ್ ಹುಡುಗನಿಗೆ ನಾವು ಕೊಡಬೇಕಾದ ಉತ್ತರ ಅದು.

ಸಚಿವರೇ, ನನ್ನ ಕೋರಿಕೆಯಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ. ಮೊದಲನೆಯದು, ನಾನು ಇಷ್ಟು ಹೊತ್ತು ಹೇಳಿದ್ದೇ. ಮೂರು ಸ್ಥಾವರಗಳ ಕಲ್ಲಿದ್ದಲಿನ ಮಟ್ಟ ದಿನಾ ಕನ್ನಡದಲ್ಲಿ ಬರಲಿ. ಇರಬೇಕಾಗಿದ್ದು ಎಷ್ಟು ದಿನದ್ದು, ಇರುವುದು ಎಷ್ಟು ದಿನದ್ದು, ನಿನ್ನೆ ಬಂದ ರೇಕ್ ಎಷ್ಟು, ಸುಟ್ಟಿದ್ದು ಎಷ್ಟು ಟನ್, ಓಡುತ್ತಿರುವ ಘಟಕ ಎಷ್ಟು, ನಿಂತಿದ್ದು ಯಾಕೆ. ಇದನ್ನು ಹೊಸದಾಗಿ ಲೆಕ್ಕ ಹಾಕಬೇಕಾಗಿಯೂ ಇಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ದೇಶದ ಸ್ಥಾವರಗಳ ದಾಸ್ತಾನನ್ನು ದಿನಾ ಪ್ರಕಟಿಸುತ್ತದೆ. ಇರಬೇಕಾದ್ದರ ಕಾಲು ಭಾಗಕ್ಕಿಂತ ಕೆಳಗೆ ಹೋದರೆ ಆ ಸ್ಥಾವರ ಅಪಾಯದಲ್ಲಿದೆ ಅಂತ ಗುರುತನ್ನೂ ಹಾಕುತ್ತದೆ. ಆದರೆ ಅದು ಇಂಗ್ಲಿಷಿನಲ್ಲಿ, ದೊಡ್ಡ ಕೋಷ್ಟಕದಲ್ಲಿ ಇರುತ್ತದೆ. ನಮ್ಮ ಮಗಳು ಓದಿ ಹೇಳಿದ್ದರಿಂದ ನನಗೆ ತಿಳಿಯಿತು. ಕಟ್ಟೆಯ ಮಟ್ಟ ಕೊಡುವ ಹಾಗೆ ನಾಲ್ಕು ಸಾಲಿನಲ್ಲಿ ಪತ್ರಿಕೆಗಳಿಗೆ ಕೊಡಿ, ಎಸ್ಕಾಂನ ಪ್ರತಿ ಸೆಕ್ಷನ್ ಆಫೀಸಿನ ಬಾಗಿಲಲ್ಲಿ ಹಾಕಿಸಿ. ದಾಸ್ತಾನು ಇಳಿಯುತ್ತಿರುವುದು ಕಂಡರೆ ನಾವೇ ಮೋಟಾರ್ ಓಡಿಸುವ ಸರದಿ ಹಾಕಿಕೊಳ್ಳುತ್ತೇವೆ. ನಾಲೆ ನೀರಿಗೆ ಸರದಿ ಹಾಕಿಕೊಂಡು ತಲೆಮಾರುಗಳಿಂದ ಬದುಕಿರುವವರು ನಾವು, ಕರೆಂಟಿಗೆ ಹಾಕಿಕೊಳ್ಳುವುದು ಕಷ್ಟ ಅಲ್ಲ. ಆದರೆ ನಿಜ ಗೊತ್ತಿರಬೇಕು.

ಎರಡನೆಯದಾಗಿ, ಪ್ರತಿ ವರ್ಷ ಮಳೆಗೆ ಮೊದಲು, ಮೇ ತಿಂಗಳಲ್ಲಿ, ಮಳೆ ಕೈಕೊಟ್ಟರೆ ಕಲ್ಲಿದ್ದಲು ಎಷ್ಟಿದೆ ಅನ್ನುವ ಲೆಕ್ಕ ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಗೆ ಬರಲಿ. ಅಲ್ಲಿ ಬಿತ್ತನೆ ಬೀಜ ಎಷ್ಟಿದೆ, ಗೊಬ್ಬರ ಎಷ್ಟಿದೆ ಅಂತ ಕೇಳುತ್ತೀರಿ. ಇದನ್ನೂ ಕೇಳಿ. ರೇಕ್‌ಗಳ ತೂಕ ಮತ್ತು ದರ್ಜೆಯ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆಯಾದರೂ ಬಹಿರಂಗವಾಗಲಿ. ಸಹಾಯಧನ ಮತ್ತು ಸರ್ಕಾರಿ ಬಾಕಿ ಹೊತ್ತಿಗೆ ಹೋಗಲಿ. ಕರೆಂಟ್ ಐದು ಗಂಟೆ ಮಾತ್ರ ಕೊಡಲು ಆಗುತ್ತದೆ ಅಂದರೆ ಐದೇ ಗಂಟೆ ಕೊಡಿ, ಆದರೆ ಹೇಳಿದ ಹೊತ್ತಿಗೆ ಕೊಡಿ, ನಡುವೆ ಹನ್ನೊಂದು ಸಲ ತೆಗೆಯಬೇಡಿ. ಮೋಟಾರ್ ಸುಡುವುದು ಕರೆಂಟ್ ಇಲ್ಲದಿದ್ದಾಗ ಅಲ್ಲ, ಹೀಗೆ ಬಂದು ಹೋಗಿ ಮಾಡಿದಾಗ.

2023ರಲ್ಲಿ ಆ ಕೊರತೆಯ ಹೊತ್ತಿನಲ್ಲಿ ಸರ್ಕಾರ ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟ್ ಕೊಡಬೇಕು ಅಂತ ಆದೇಶ ಮಾಡಿದ್ದು, ಬೇರೆ ರಾಜ್ಯಗಳಿಂದ ತಂದಿದ್ದು ನಾವು ಮರೆತಿಲ್ಲ. ಅದರಿಂದ ಎಷ್ಟೋ ಬೆಳೆ ಉಳಿಯಿತು. ಆ ಓಡಾಟ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದು ಜೂನ್‌ನಲ್ಲೇ ಶುರುವಾಗಲಿ ಅಂತ ಕೇಳುತ್ತಿದ್ದೇನೆ.

ನಮ್ಮೂರ ಡೈರಿ ಬೋರ್ಡಿನಲ್ಲಿ ಕಟ್ಟೆ ಮಟ್ಟ ಬರೆಯುವ ಜಾಗದ ಕೆಳಗೆ ನಾನು ಈಗಾಗಲೇ ಗೆರೆ ಎಳೆದು ಮೂರು ಹೆಸರು ಬರೆದಿಟ್ಟಿದ್ದೇನೆ: ರಾಯಚೂರು, ಬಳ್ಳಾರಿ, ಯರಮರಸ್. ಮುಂದೆ ಜಾಗ ಖಾಲಿ ಇದೆ. ನೀವು ಅಂಕಿ ಕೊಡಲು ಶುರು ಮಾಡಿದ ದಿನದಿಂದ ಬೆಳಿಗ್ಗೆ ಹಾಲು ಹಾಕಲು ಹೋದಾಗ ನಾನೇ ತುಂಬಿಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಪಾಂಡವಪುರ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ